ಅತ್ತೆಯ ಇಪ್ಪತ್ತೆರಡು ನಕಲು

ಮನೆಯಿಂದ,
ಗುರುವಾರ, ಹದಿನೆಂಟನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಕಡ್ಡಿಗೆ,

ಹೇಗಿದ್ದೀಯ? ಕೆಮ್ಮು ಹೋಯಿತೋ ಇಲ್ಲವೋ? ಹೊರಟ ದಿನ ಮೆಟ್ಟಿಲಿಳಿಯುವಾಗಲೂ ಕೆಮ್ಮುತ್ತಿದ್ದೆ. ಬಸ್ಸಿನಲ್ಲಿ ಹಟ ಹಿಡಿದು ಕಿಟಕಿ ಪಕ್ಕವೇ ಕೂತಿರುತ್ತೀಯ, ಮುಖಕ್ಕೆಲ್ಲ ಗಾಳಿ ಬಡಿಸಿಕೊಂಡಿರುತ್ತೀಯ, ಅದನ್ನು ನನಗೆ ಯಾರೂ ಹೇಳಬೇಕಾಗಿಲ್ಲ. ಬಿಸಿನೀರು ಕುಡಿ. ಚಿಕ್ಕಮ್ಮನ ಮಂಡಿನೋವು ಹೇಗಿದೆ ಎಂದು ನಾನು ಕೇಳಿದೆನೆಂದು ಹೇಳು. ಅವಳ ಮನೆಯಲ್ಲಿ ಹೊತ್ತುಹೊತ್ತಿಗೆ ಉಂಡು, ಮಧ್ಯಾಹ್ನ ಮಲಗಿ, ನಾಲ್ಕು ದಿನ ಹಾಯಾಗಿರು ಎಂದು ಬೇರೆ ಯಾವ ಅಪ್ಪನಾದರೂ ಬರೆಯುತ್ತಿದ್ದ. ನಾನು ಬರೆಯುವುದಿಲ್ಲ. ನನಗೆ ನಿನ್ನ ಮೇಲೆ ಕೋಪ ಬಂದಿದೆ. ಸೋಮವಾರದಿಂದ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ, ಅಷ್ಟು ಕೋಪ. ಫೋನಿನಲ್ಲೇ ಬೈದು ಮುಗಿಸೋಣವೆಂದರೆ ನೀನು ಭಾನುವಾರದಿಂದ ಅದನ್ನು ಆರಿಸಿಟ್ಟು ಕೂತಿದ್ದೀಯ. ಚಿಕ್ಕಮ್ಮನ ಫೋನಿಗೆ ಮಾಡಿದರೆ "ಅವಳು ಸ್ನಾನಕ್ಕೆ ಹೋಗಿದಾಳೆ ಭಾವ" ಎನ್ನುತ್ತಾಳೆ. ಸೋಮವಾರ ಮೂರು ಸಲ ಮಾಡಿದೆ, ಮೂರು ಸಲವೂ ಸ್ನಾನ. ದಿನಕ್ಕೆ ಮೂರು ಸಲ ತಲೆಗೆ ನೀರು ಸುರಿದುಕೊಂಡರೆ ಆ ಕೆಮ್ಮು ಹೋಗುವುದಾದರೂ ಹೇಗೆ? ಅದಕ್ಕೇ ಈ ಕಾಗದ. ಮೂವತ್ತೊಂದು ವರ್ಷದಿಂದ ಆಸ್ಪತ್ರೆಯ ಬ್ಯಾಕಪ್ ಟೇಪಿನ ಬೆನ್ನಿಗೆ ಅಂಟಿಸುವ ಚೀಟಿ ಬಿಟ್ಟು ಬೇರೇನೂ ಬರೆಯದ ಕೈ ಇದು, ಅಕ್ಷರ ಸೊಟ್ಟಗಿದ್ದರೆ ಸುಮ್ಮನೆ ಓದು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಸ್ಕ್ಯಾನ್ ವಿಭಾಗದ ಬಾಗಿಲಿಗೆ ಒಂದು ನೋಟಿಸು ಅಂಟಿಸಿದ್ದರು. ದಪ್ಪ ಅಕ್ಷರ, ಕೆಳಗೆ ಮೊಹರು. ‘ದತ್ತಾಂಶ ವಿಭಾಗದ ಮುಖ್ಯಸ್ಥೆಯ ಯೋಜನಾ ಲೋಪದಿಂದ ಕಳೆದ ಮಂಗಳವಾರದ ಹತ್ತೊಂಬತ್ತು ಸ್ಕ್ಯಾನ್‌ಗಳು ಲಭ್ಯವಿಲ್ಲ. ಸಂಬಂಧಪಟ್ಟವರು ಮತ್ತೊಮ್ಮೆ ಬರಬೇಕಾಗಿ ವಿನಂತಿ. ಮುಖ್ಯಸ್ಥೆಯವರು ತಮ್ಮ ತಪ್ಪನ್ನು ಒಪ್ಪಿಕೊಂಡಿರುತ್ತಾರೆ.’ ಕನ್ನಡಕ ಹಾಕಿಕೊಂಡು ಒಂದು ಸಲ ಓದಿದೆ, ತೆಗೆದು ಒರೆಸಿ ಇನ್ನೊಂದು ಸಲ ಓದಿದೆ. ಅಲ್ಲಿಂದ ನೆಟ್ಟಗೆ ಆಡಳಿತಾಧಿಕಾರಿಯ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟಲಿಲ್ಲ. ಯಾವ ಲೋಪ, ಯಾರ ಲೋಪ ಎಂದು ಕೇಳಿದೆ. ಆತ ಡ್ರಾಯರಿನಿಂದ ನಿನ್ನ ಪತ್ರ ತೆಗೆದು ಮೇಜಿನ ಮೇಲಿಟ್ಟ. ನಿನ್ನ ಕೈಬರಹ, ಒಂದೂ ಚಿತ್ತಿಲ್ಲ. ‘ಸ್ಟೋರೇಜ್ ನಿಗಾ ಸಾಫ್ಟ್‌ವೇರಿಗೆ ಬೇಕಾದ ಡಿಸ್ಕ್ ಜಾಗವನ್ನು ಅಂದಾಜು ಮಾಡುವಲ್ಲಿ ನನ್ನಿಂದ ತಪ್ಪಾಗಿದೆ. ಹೊಣೆ ಹೊತ್ತು ಹುದ್ದೆ ಬಿಡುತ್ತಿದ್ದೇನೆ.’ ಬರುವ ಸೋಮವಾರ ಹತ್ತು ಗಂಟೆಗೆ ಅದನ್ನು ಅಂಗೀಕರಿಸುವವನಿದ್ದಾನಂತೆ. "ನಿಮ್ಮ ಮಗಳು ದೊಡ್ಡ ಮನಸ್ಸಿನವಳು, ತಪ್ಪು ಒಪ್ಪಿಕೊಳ್ಳೋಕೂ ಧೈರ್ಯ ಬೇಕು" ಎಂದು ಆತ ನನಗೇ ಸಮಾಧಾನ ಹೇಳಿದ. ನನ್ನ ಕಿವಿ ಕಾದು ಹೋಯಿತು. ಅಷ್ಟು ಹೊತ್ತಿಗಾದರೂ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ತಲೆ ತಗ್ಗಿಸಿ ಹೊರಗೆ ಬಂದೆ.

ಈಗ ನಡೆದದ್ದನ್ನು ಮೊದಲಿಂದ ಬರೆಯುತ್ತೇನೆ. ಗೊತ್ತಿರುವುದನ್ನೇ ಯಾಕೆ ಬರೆಯುತ್ತಾನೆ ಎಂದು ಗೊಣಗಬೇಡ. ನೀನು ಇದನ್ನೆಲ್ಲ ಕಂಪ್ಯೂಟರಿನೊಳಗೆ ಕೈ ಹಾಕಿ ಹತ್ತು ನಿಮಿಷದಲ್ಲಿ ಹುಡುಕಿಕೊಂಡೆ, ನನ್ನ ಬಾಯಿಂದ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೇಳಬೇಕಾದ್ದು ನನ್ನಿಂದಲೇ.

ಪತ್ರದಲ್ಲಿ ‘ನಿಗಾ ಸಾಫ್ಟ್‌ವೇರ್’ ಎಂದು ಓದಿದಾಗ ಅದು ಯಾವುದೆಂದೇ ನನಗೆ ಹೊಳೆಯಲಿಲ್ಲ. ನಮ್ಮ ಸರ್ವರ್ ರೂಮಿನಲ್ಲಿ ಅದು ಅತ್ತೆ. ಹೆಸರಿಟ್ಟವಳೂ ನೀನೇ. "ಹಗಲೂ ರಾತ್ರಿ ಪ್ರತಿ ಪಾತ್ರೆಯ ಮುಚ್ಚಳ ತೆಗೆದು ಎಷ್ಟು ಉಳಿದಿದೆ ಅಂತ ನೋಡ್ತಾಳೆ, ತುಂಬ್ತಾ ಬಂದ್ರೆ ಮನೆಗೆಲ್ಲ ಕೇಳೋ ಹಾಗೆ ಕೂಗ್ತಾಳೆ, ಮತ್ತೆ ಹಿಂದಿನದ್ದು ಒಂದನ್ನೂ ಮರೆಯಲ್ಲ" ಎಂದಿದ್ದೆ. ನಿನ್ನ ಅಮ್ಮ ಅವತ್ತು ಅಷ್ಟು ಜೋರಾಗಿ ನಕ್ಕದ್ದು ನನ್ನ ತಾಯಿಯನ್ನು ನೆನೆಸಿಕೊಂಡು, ಅದು ನನಗೆ ತಿಳಿಯದೇ ಏನಲ್ಲ. ಅತ್ತೆ ಹದಿನೈದು ನಿಮಿಷಕ್ಕೊಮ್ಮೆ ಆಸ್ಪತ್ರೆಯ ಒಂದೊಂದು ಡಿಸ್ಕಿನ ಹೊಟ್ಟೆ ಮುಟ್ಟಿ ನೋಡಿ, ಕಂಡದ್ದನ್ನು, ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನೂ, ತನ್ನ ಪುಸ್ತಕದಲ್ಲಿ ಬರೆದಿಡುತ್ತಾಳೆ. ಆ ಪುಸ್ತಕಕ್ಕೂ ಜಾಗ ಬೇಕು, ಆ ಪುಸ್ತಕಕ್ಕೂ ಒಂದು ಬ್ಯಾಕಪ್, ಅಂದರೆ ನಕಲು, ಬೇಕು ಎಂದು ಈ ಆಸ್ಪತ್ರೆಯಲ್ಲಿ ಮೊದಲು ಯೋಚಿಸಿದವಳು ನೀನು. ಒಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೆ: ಡಿಸ್ಕು ನಲವತ್ತೆಂಟು, ಒಂದೊಂದರಿಂದ ದಿನಕ್ಕೆ ಇಷ್ಟು ಸಾಲು, ಇಷ್ಟು ದಿನ ಇಡಬೇಕು, ಒಟ್ಟು ಇಷ್ಟು ಜಾಗ, ಅದರ ಮೇಲೆ ಅರ್ಧದಷ್ಟು ಖಾಲಿ ಬಿಡಬೇಕು. ಬ್ಯಾಕಪ್ ಮೊದಲು ಪಕ್ಕದ ಸಣ್ಣ ಡಿಸ್ಕಿಗೆ, ಅಲ್ಲಿಂದ ಟೇಪಿಗೆ. ಕೆಳಗೆ ಕೆಂಪಿನಲ್ಲಿ ಎರಡು ಸಾಲು. ಡಿಸ್ಕುಗಳ ಸಂಖ್ಯೆ ಬದಲಾದರೆ ಈ ಲೆಕ್ಕ ಮೊದಲಿಂದ ಹಾಕಬೇಕು. ಅತ್ತೆಯ ನಕಲನ್ನು ಅತ್ತೆ ಕಾಯುವ ಸ್ಟೋರೇಜಿನಲ್ಲಿ ಯಾವ ಕಾರಣಕ್ಕೂ ಇಡಬಾರದು. ಆ ಹಾಳೆಯನ್ನು ನಾನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ, ಟೇಪಿಗೆಂದು ಕಪಾಟು ತೆಗೆದಾಗಲೆಲ್ಲ. ಹಾಗಾಗಿ ಓದಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ.

ನೀನು ಮೂರು ತಿಂಗಳ ತರಬೇತಿಗೆ ಹೋದ ಮೇಲೆ ಹೊಸ ಕಟ್ಟಡದ ಲ್ಯಾಬಿಗೆ ಇನ್ನೂ ನಲವತ್ತೆಂಟು ಡಿಸ್ಕ್ ಬಂದವು. ಅತ್ತೆ ಅವನ್ನೂ ಕಾಯತೊಡಗಿದಳು, ಅವಳ ಪುಸ್ತಕ ಎರಡರಷ್ಟು ದಪ್ಪವಾಯಿತು. ಲೆಕ್ಕ ಮೊದಲಿಂದ ಹಾಕಬೇಕಿತ್ತು. ನನಗೆ ಆ ಲೆಕ್ಕ ಬರುವುದಿಲ್ಲ. ಫೋನು ತೆಗೆದು "ಕಡ್ಡೀ, ಹೀಗಾಗಿದೆ, ಏನು ಮಾಡ್ಲಿ?" ಎಂದು ಕೇಳಿದ್ದರೆ ನೀನು ಊಟ ಮಾಡುತ್ತಲೇ ಹೇಳಿಬಿಡುತ್ತಿದ್ದೆ. ನಾನು ಕೇಳಲಿಲ್ಲ. ಯಾಕೆ ಎಂದು ಈಗ ಬರೆಯುತ್ತೇನೆ, ನಗಬೇಡ. ಸ್ಕ್ಯಾನ್ ವಿಭಾಗದ ಉದ್ದ ಜಡೆಯ ತಂತ್ರಜ್ಞೆ ಒಂದು ದಿನ ಎಲ್ಲರ ಎದುರು "ಯಜಮಾನರಿಗೆ ಎಲ್ಲಾದಕ್ಕೂ ಮಗಳ ಅಪ್ಪಣೆ ಬೇಕು" ಎಂದು ತಮಾಷೆ ಮಾಡಿದ್ದಳು. ಅವಳು ಮರೆತಳು, ನಾನು ಮರೆಯಲಿಲ್ಲ. ನೀನು ಎರಡು ಜಡೆ ಹಾಕಿಕೊಂಡು ಶಾಲೆ ಮುಗಿಸಿ ಬಂದು, ಸರ್ವರ್ ರೂಮಿನ ಮೂಲೆಯಲ್ಲಿ ಕೂತು ಖಾಲಿ ಟೇಪ್ ಡಬ್ಬಿಗಳಿಂದ ಮನೆ ಕಟ್ಟುತ್ತಿದ್ದಾಗಲೇ ನಾನು ಅಲ್ಲಿ ಕೆಲಸಗಾರ. ನಿನ್ನನ್ನು ಕೇಳಿ ಕೆಲಸ ಕಲಿಯುವುದೇ ಅನ್ನಿಸಿತು. ಇಷ್ಟೇ. ಮೂರು ವರ್ಷದಿಂದ ನೀನು ನನ್ನ ಮೇಲಿನ ಅಧಿಕಾರಿ. ಆಫೀಸಿನಲ್ಲಿ ನನ್ನನ್ನು ‘ನೀವು’ ಅನ್ನುತ್ತೀಯ, ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ‘ನೀನು’ ಅನ್ನುತ್ತೀಯ. ಎದೆಯುಬ್ಬಿಸಿಕೊಂಡು ಊರೆಲ್ಲ ಹೇಳಿಕೊಂಡು ತಿರುಗಿದ್ದೂ ನಾನೇ, ಒಳಗೊಳಗೆ ಚುಚ್ಚಿಸಿಕೊಂಡದ್ದೂ ನಾನೇ.

ಟೇಪ್ ಡ್ರೈವ್ ಆಗ ರಿಪೇರಿಗೆ ಹೋಗಿತ್ತು. ಸಣ್ಣ ಡಿಸ್ಕಿನಲ್ಲಿ ಹಳೆಯ ಎರಡು ನಕಲು ಕೂತಿದ್ದವು. ಶುಕ್ರವಾರದ ಬ್ಯಾಕಪ್‌ಗೆ ‘ಜಾಗ ಸಾಲದು’ ಎಂದು ಬಂತು. ಹಳೆಯದನ್ನು ಅಳಿಸಿದರೆ ಜಾಗವಾಗುತ್ತಿತ್ತು, ಆದರೆ ಟೇಪಿಗೆ ಹೋಗದ ನಕಲನ್ನು ಅಳಿಸುವುದು ನನ್ನ ಜನ್ಮದಲ್ಲಿ ಇಲ್ಲ. ಬ್ಯಾಕಪ್ ಇಲ್ಲದ ಶುಕ್ರವಾರವೂ ನನ್ನ ಮೂವತ್ತೊಂದು ವರ್ಷದಲ್ಲಿ ಇಲ್ಲ. ನೀನು ಹುಟ್ಟಿದ್ದು ಶುಕ್ರವಾರ, ಅವತ್ತೂ ಟೇಪು ಹಾಕಿ ಬಂದೇ ನಿನ್ನ ಮುಖ ನೋಡಿದ್ದು. ಪಕ್ಕದಲ್ಲಿ ಸ್ಕ್ಯಾನ್‌ಗಳ ದೊಡ್ಡ ಸ್ಟೋರೇಜು ಕಂಡಿತು. ಸಮುದ್ರದಷ್ಟಿದೆ, ಒಂದು ಚೊಂಬು ನೀರು ಹಾಕಿದರೆ ಏನಾದೀತು ಎಂದುಕೊಂಡೆ. ಅತ್ತೆಯ ಬ್ಯಾಕಪ್ ಅಲ್ಲಿಗೇ ಹೋಗುವಂತೆ ಮಾಡಿದೆ. ಟೇಪ್ ಇಲ್ಲವಲ್ಲ, ಧೈರ್ಯಕ್ಕಿರಲಿ ಎಂದು ವಾರಕ್ಕೊಂದರ ಬದಲು ದಿನಕ್ಕೊಂದು ಮಾಡಿದೆ. ಹಳೆಯದು ತಾನಾಗಿ ಅಳಿಯುವ ಗುಂಡಿ ಇತ್ತು, ಒತ್ತಲಿಲ್ಲ.

ಆಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ದೊಡ್ಡ ಸ್ಟೋರೇಜು ಆಗಲೇ ನೂರಕ್ಕೆ ಎಪ್ಪತ್ತೆಂಟು ತುಂಬಿತ್ತು. ನಕಲುಗಳು ಬಿದ್ದು ಬುಧವಾರಕ್ಕೆ ಎಂಬತ್ತು ದಾಟಿತು. ಎಂಬತ್ತು ದಾಟಿದರೆ ಅತ್ತೆ ಹದಿನೈದು ನಿಮಿಷಕ್ಕೊಮ್ಮೆ ನೋಡುವುದನ್ನು ಬಿಟ್ಟು ನಿಮಿಷಕ್ಕೊಮ್ಮೆ ನೋಡಬೇಕೆಂದು ನೀನು ಹೇಳಿಟ್ಟಿದ್ದೆ, ತುಂಬುವುದು ಹತ್ತಿರದಿಂದ ಕಾಣಲಿ ಎಂದು. ಒಳ್ಳೆಯ ನಿಯಮವೇ. ಅವಳು ನಿಮಿಷಕ್ಕೊಮ್ಮೆ ನೋಡಿದಳು, ನಿಮಿಷಕ್ಕೊಮ್ಮೆ ಬರೆದಳು, ಪುಸ್ತಕ ಉಬ್ಬಿತು, ಪುಸ್ತಕದ ನಕಲೂ ಉಬ್ಬಿತು, ಆ ನಕಲು ಅವಳು ಕಾಯುತ್ತಿದ್ದ ಪಾತ್ರೆಗೇ ಬಿತ್ತು. ಪಾತ್ರೆ ತುಂಬುತ್ತಿದೆ ಎಂದು ಕೂಗಿದಳು. ಕೂಗಿದ್ದು ನನಗೇ ಕೇಳಿಸಿತು. ಹೆದರಿಕೆಯಾಯಿತು. ಹೆದರಿಕೆಯಾದಾಗ ಟೇಪಿನವನು ಏನು ಮಾಡುತ್ತಾನೆ? ಇನ್ನೊಂದು ನಕಲು ತೆಗೆಯುತ್ತಾನೆ. ದಿನಕ್ಕೆ ಎರಡು ಮಾಡಿದೆ. ತೊಂಬತ್ತಕ್ಕೆ ಬಂದಾಗ ನಾಲ್ಕು ಮಾಡಿದೆ. ಈ ನಡುವೆ ಸ್ಕ್ಯಾನ್ ವಿಭಾಗಕ್ಕೆ ಹೋಗಿ ಆ ಉದ್ದ ಜಡೆಯವಳ ಮೇಲೆ ಹಾರಾಡಿದೆ. "ಬೇಕಿದ್ದು ಬೇಡದ್ದು ಎಲ್ಲಾ ತುಂಬಿಡ್ತೀರಿ, ಅಟ್ಟ ಅಂದ್ಕೊಂಡಿದೀರಾ ಸ್ಟೋರೇಜನ್ನ?" ಎಂದೆ. ಪಾಪ, ಅವಳು ಬಿಕ್ಕುತ್ತಾ ಹಳೆಯ ಪರೀಕ್ಷೆಯ ಚಿತ್ರಗಳನ್ನೆಲ್ಲ ಕೂತು ಅಳಿಸಿದಳು. ಅವಳು ಅಳಿಸಿ ಬಿಡಿಸಿಕೊಟ್ಟ ಜಾಗವನ್ನು ಅತ್ತೆಯ ಒಂದೇ ನಕಲು ನುಂಗಿತು. ಸೋಮವಾರ ಟೇಪ್ ಡ್ರೈವ್ ರಿಪೇರಿಯಾಗಿ ಬಂತು. ಅತ್ತೆಯ ಹೊಸ ನಕಲನ್ನು ಅವತ್ತೇ ಟೇಪಿಗೆ ಇಳಿಸಿದೆ, ಉಳಿದದ್ದನ್ನು ನಾಳೆ ನೋಡೋಣ ಎಂದು ಮನೆಗೆ ಬಂದೆ. ಮರುದಿನ ಮಂಗಳವಾರ ಹನ್ನೊಂದೂ ಇಪ್ಪತ್ತಕ್ಕೆ ಎಲ್ಲ ತುಂಬಿ ನಿಂತಿತು. ಇಪ್ಪತ್ತೆರಡು ನಕಲು ಇದ್ದವು. ಎಲ್ಲವನ್ನೂ ಅಳಿಸಿ ಸ್ಟೋರೇಜು ಮತ್ತೆ ಉಸಿರಾಡುವಷ್ಟರಲ್ಲಿ ಊಟದ ಹೊತ್ತು ಕಳೆದಿತ್ತು. ಸ್ಕ್ಯಾನ್ ಯಂತ್ರಗಳು ಚಿತ್ರಗಳನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕಾದಾವು? ಹತ್ತೊಂಬತ್ತು ಜನರ ಚಿತ್ರ ಕೈಬಿಟ್ಟವು.

ಆ ಹತ್ತೊಂಬತ್ತರಲ್ಲಿ ಒಂದು ನಾಲ್ಕು ವರ್ಷದ ಮಗು. ತಲೆಯ ಸ್ಕ್ಯಾನ್. ಮತ್ತೆ ಬರಬೇಕು ಎಂದು ಹೇಳಿಸಿಕೊಂಡ ಅದರ ತಾಯಿ ಕಾರಿಡಾರಿನಲ್ಲಿ ನನ್ನ ಕೊರಳಿನ ಗುರುತಿನ ಚೀಟಿ ನೋಡಿ ನಿಲ್ಲಿಸಿದಳು. "ಇಪ್ಪತ್ತು ನಿಮಿಷ ಕಥೆ ಹೇಳಿ ಹೇಳಿ ಅಲ್ಲಾಡದ ಹಾಗೆ ಮಲಗಿಸಿದ್ದೆ ಸಾರ್, ಅದೂ ಹೆದರ್ಕೊಂಡೇ ಮಲಗಿತ್ತು. ಆ ಚಿತ್ರ ಎಲ್ಲಿ ಹೋಯ್ತು?" ಎಂದು ಕೇಳಿದಳು. ಕೂಗಲಿಲ್ಲ, ಬೈಯಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. ನಾನು "ಕಂಪ್ಯೂಟರ್ ಕೆಟ್ಟಿತ್ತಮ್ಮ" ಎಂದೆ. ಮಗು ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಕಂಪ್ಯೂಟರು ಕೆಟ್ಟಿರಲಿಲ್ಲ, ಅದು ಹೇಳಿದ್ದನ್ನು ಹೇಳಿದಂತೆ ಮಾಡಿತ್ತು. ಕೆಟ್ಟದ್ದು ನನ್ನ ಬುದ್ಧಿ. ಅವಳಿಗೆ ಸುಳ್ಳು ಹೇಳಿದ್ದು ನನಗೆ ಇವತ್ತಿಗೂ ಸಹಿಸಲಾಗುತ್ತಿಲ್ಲ.

ಕಳೆದ ಗುರುವಾರ ನೀನು ತರಬೇತಿ ಬಿಟ್ಟು ಓಡಿ ಬಂದೆ. ಕೈಕಾಲು ಕೂಡ ತೊಳೆಯದೆ ನೆಟ್ಟಗೆ ಸರ್ವರ್ ರೂಮಿಗೆ ಹೋದೆ. ಜಾಗ ಮುಗಿದು ಅತ್ತೆಯ ಪುಸ್ತಕ ಹಾಳಾಗಿತ್ತು, ಸಣ್ಣ ಡಿಸ್ಕಿನ ಹಳೆಯ ನಕಲಿನಿಂದ ಅವಳನ್ನು ಎಬ್ಬಿಸಿ ಕೂರಿಸಿದೆ. ಬ್ಯಾಕಪ್ ಎಲ್ಲಿಗೆ ಹೋಗಬೇಕು ಎಂಬುದನ್ನು ಬದಲಿಸಿದವನ ಜಾಗದಲ್ಲಿ ನನ್ನ ಗುರುತು ನೋಡಿದೆ. ನಾನು ಹಿಂದೆಯೇ ನಿಂತಿದ್ದೆ. ನೀನು ತಿರುಗಿ ನೋಡಲಿಲ್ಲ, ಸರಿಮಾಡಿ, ನನ್ನ ಗುರುತಿದ್ದಲ್ಲಿ ನಿನ್ನ ಗುರುತು ಬೀಳಿಸಿ, ಎದ್ದು "ಹಸಿವಾಗ್ತಿದೆ, ಹೋಗೋಣ" ಎಂದೆ. ಅಷ್ಟೇ! ಬೈಯಬೇಕಿತ್ತು ಕಣೇ. ಅಲ್ಲೇ, ಎಲ್ಲರ ಎದುರು, ‘ನೀವು’ ಎಂದೇ ಬೈಯಬೇಕಿತ್ತು. ನೀನು ಮುಖಕ್ಕೆ ಎರಡು ಮಾತು ಹೇಳಿದ್ದರೆ ನನ್ನ ಬಾಯಿ ಬಿಚ್ಚುತ್ತಿತ್ತು. ಅದರ ಬದಲು ಇಬ್ಬರೂ ಒಂದೇ ಸ್ಕೂಟರಿನಲ್ಲಿ ಮನೆಗೆ ಬಂದು ಊಟ ಮಾಡಿದೆವು. ಅವತ್ತು ಮಾತ್ರ ಚೆನ್ನಾಗಿಯೇ ಉಂಡೆ, ನಾಚಿಕೆಗೆಟ್ಟವನು.

ಶುಕ್ರವಾರ ನೀನು ಪತ್ರ ಕೊಟ್ಟೆ, ಶನಿವಾರ ಹೊರಟೆ. ಕೆಲಸದ ಒತ್ತಡ, ನಾಲ್ಕು ದಿನ ಚಿಕ್ಕಮ್ಮನ ಮನೆಯಲ್ಲಿದ್ದು ಬರುತ್ತೇನೆ ಎಂದೆ, ನಂಬಿದೆ. ಭಾನುವಾರ ಅಮ್ಮನಿಗೆ ಫೋನು ಮಾಡಿ, ಕೊನೆಗೆ ನನ್ನನ್ನು ಕರೆಸಿ, "ಅಪ್ಪಾ, ಆ ಸೋಮವಾರದ ಟೇಪ್ ಇದೆಯಲ್ಲ, ಅದರ ಮೇಲೆ ಈ ವಾರದ್ದು ಬರೆದುಬಿಡು" ಎಂದೆ. ಯಾಕೆ ಎಂದು ಕೇಳಿದೆ. "ಸುಮ್ನೆ ಮಾಡಪ್ಪಾ" ಎಂದೆ. ಆಗಲೇ ನನ್ನ ಪಿತ್ತ ನೆತ್ತಿಗೇರಿತು. ಟೇಪಿನ ಅವಧಿ ಒಂದು ವರ್ಷ. ಅವಧಿ ಮುಗಿಯದ ಟೇಪಿನ ಮೇಲೆ ಒಂದಕ್ಷರ ಬರೆಯಬಾರದು ಎಂದು ನಿನಗೆ ಮಗ್ಗಿಗಿಂತ ಮೊದಲು ಕಲಿಸಿದ್ದೇನೆ. ನನಗೆ ಆ ಮಾತು ಹೇಳಲು ನಿನಗೆ ನಾಲಿಗೆ ಹೇಗೆ ಬಂತು? ಸೋಮವಾರ ನೋಟಿಸು ಓದಿದ ಮೇಲೆ ಎಲ್ಲ ಬೆಳಕಾಯಿತು. ಆ ಹನ್ನೊಂದು ದಿನ ಏನು ನಡೆಯಿತು, ಯಾವ ದಿನ ಯಾವ ಗಂಟೆಗೆ ಯಾರು ಏನನ್ನು ಬದಲಿಸಿದರು ಎಂಬುದು ಈಗ ಇಡೀ ಆಸ್ಪತ್ರೆಯಲ್ಲಿ ಆ ಒಂದು ಟೇಪಿನಲ್ಲಿ ಮಾತ್ರ ಇದೆ. ಅದನ್ನು ನನ್ನ ಕೈಯಿಂದಲೇ ಅಳಿಸಿಸಿ ನನ್ನನ್ನು ಉಳಿಸಲು ಹೊರಟಿದ್ದೆ. ಒಂದು ಮಾತು ಕೇಳು. ನೀನು ಅವತ್ತು ‘ನೀನು’ ಎಂದು ಹೇಳಿದ್ದು. ಅದು ಮುಖ್ಯಸ್ಥೆಯ ಆದೇಶವಲ್ಲ, ಮನೆಯ ಮಗಳ ಮುದ್ದು. ಮುದ್ದಿಗೆ ಟೇಪು ಅಳಿಸುವವನು ನಾನಲ್ಲ.

ನಿನ್ನ ಅಮ್ಮನಿಗೆ ಎಲ್ಲ ಮೊದಲೇ ಗೊತ್ತಿತ್ತಂತೆ! ಶುಕ್ರವಾರ ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಅಡುಗೆಮನೆಯಲ್ಲಿ ಇಬ್ಬರೂ ಗುಸುಗುಸು ಮಾಡಿ ತೀರ್ಮಾನ ಮಾಡಿದಿರಂತೆ. ಸೋಮವಾರ ಕೇಳಿದರೆ "ನಿಮಗೆ ರಿಟೈರ್ ಆಗೋಕೆ ಇನ್ನೆರಡು ವರ್ಷ ಇದೆ, ಮರ್ಯಾದೆಯಿಂದ ಮುಗಿಸ್ಲಿ ಅಂತ ನಿಮ್ಮ ಮಗಳು ಹೀಗೆ ಮಾಡಿದಾಳೆ, ಅವಳಿಗೆ ಬೇರೆ ಕಡೆ ನೂರು ಕೆಲಸ ಸಿಗುತ್ತೆ" ಎಂದಳು. ಮರ್ಯಾದೆಯಂತೆ. ಮೂವತ್ತೊಂದು ವರ್ಷ ನಾನು ಟೇಪಿನ ಮೇಲೆ ಒಂದು ಬರೆದು ಒಳಗೆ ಇನ್ನೊಂದು ಇಟ್ಟವನಲ್ಲ. ಈಗ ನನ್ನ ತಪ್ಪಿನ ಬೆನ್ನಿಗೆ ನಿನ್ನ ಹೆಸರಿನ ಚೀಟಿ ಅಂಟಿಸಿ, ಅದನ್ನು ಬೆಂಕಿ ತಾಗದ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದಿರಿ ಅಮ್ಮ ಮಗಳು ಸೇರಿ. ನಾನು ಅಮ್ಮನ ಮೇಲೆ ಕೂಗಾಡಿದೆ, ಅವಳು ನನಗಿಂತ ಜೋರಾಗಿ ಕೂಗಾಡಿದಳು. ಮೂರು ದಿನದಿಂದ ಮನೆಯಲ್ಲಿ ಪಾತ್ರೆಗಳೇ ಮಾತಾಡುತ್ತಿವೆ.

ನಿನ್ನ ಸುಳ್ಳಿನಿಂದ ಏನಾಯಿತು ಗೊತ್ತೇ? ಮೊನ್ನೆ ಮಂಗಳವಾರ ಆಡಳಿತಾಧಿಕಾರಿ ಸರ್ವರ್ ರೂಮಿಗೆ ಬಂದು, ಲೆಕ್ಕವೇ ತಪ್ಪಾದ ಮೇಲೆ ಈ ಹಾಳೆ ಯಾಕೆ ಎಂದು ಕಪಾಟಿನ ಬಾಗಿಲಿನಿಂದ ಅದನ್ನು ಕಿತ್ತು ಹಾಕಿಸಿದ. ಅಂಟಿನ ಗುರುತು ನಾಲ್ಕು ಮೂಲೆಯಲ್ಲಿ ಹಾಗೇ ಇದೆ. ಅತ್ತೆ ನಿಮಿಷಕ್ಕೊಮ್ಮೆ ನೋಡುವುದು ಬೇಡವಂತೆ, ದಿನಕ್ಕೊಮ್ಮೆ ನೋಡಿದರೆ ಸಾಕಂತೆ, ಅವಳಿಗೆ ಬ್ಯಾಕಪ್ಪೂ ಬೇಡವಂತೆ, ಪುಸ್ತಕವನ್ನೂ ವಾರಕ್ಕೊಮ್ಮೆ ಅಳಿಸಬೇಕಂತೆ. ಬರುವ ತಿಂಗಳಿಂದ ಜಾರಿ. ಸರಿಯಾದ ಲೆಕ್ಕವನ್ನು ನೀನೇ ತಪ್ಪು ಎಂದು ಬರೆದುಕೊಟ್ಟೆ, ತಪ್ಪು ಕೆಲಸ ಎಲ್ಲಿ ನಡೆಯಿತೆಂದು ಯಾರೂ ನೋಡದಂತೆ ಮಾಡಿದೆ. ಇನ್ನೊಂದು ಸಲ ಸ್ಟೋರೇಜು ತುಂಬಿದರೆ ಕೂಗುವವರೂ ಇರುವುದಿಲ್ಲ. ಅವತ್ತು ಯಾವ ಮಗು ಹೆದರಿಕೊಂಡು ಮಲಗಿರುತ್ತದೋ. ನನ್ನ ಮರ್ಯಾದೆಗೆ ಇಷ್ಟೆಲ್ಲ ಕೊಡಬೇಕೇ? ನಾಲ್ಕು ವರ್ಷ ನಿದ್ದೆಗೆಟ್ಟು ಓದಿ ಕಲಿತ ವಿದ್ಯೆ ಕಣೇ ಅದು, ನಿನ್ನಪ್ಪನ ಮುಖ ಉಳಿಸಲು ಅದರ ಮೇಲೆ ಮಸಿ ಬಳಿದೆಯಲ್ಲ. ನನಗೆ ಹೊಟ್ಟೆ ಉರಿಯುತ್ತಿರುವುದು ಅದಕ್ಕೆ. ಹುದ್ದೆ ಬಿಟ್ಟದ್ದಕ್ಕಿಂತ ಹೆಚ್ಚಾಗಿ ಅದಕ್ಕೆ.

ನನ್ನ ಮೇಲೂ ಕೋಪವಿದೆ, ಸುಳ್ಳು ಯಾಕೆ ಹೇಳಲಿ. ಸ್ಟೋರೇಜು ತುಂಬಿ ನಿಂತ ಮಂಗಳವಾರವೇ ನಾನು ಒಂದು ಮಾತು ಹೇಳಿಬಿಟ್ಟಿದ್ದರೆ ನಿನಗೆ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಒಂಬತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನೀನು ನನ್ನನ್ನು ಕಾಪಾಡಿದೆ ಎಂದುಕೊಂಡಿದ್ದೀಯ, ನಿಜ ಹೇಳಬೇಕೆಂದರೆ ನನ್ನ ಪುಕ್ಕಲುತನವನ್ನು ಕಾಪಾಡಿದೆ. ಇವತ್ತು ಬೆಳಿಗ್ಗೆ ಬೀಗ ತೆಗೆದೆ. ಆ ಟೇಪನ್ನು ಎತ್ತಿಕೊಂಡು, ನಡೆದದ್ದನ್ನೆಲ್ಲ ಎರಡು ಪುಟ ಬರೆದುಕೊಂಡು ಆಡಳಿತಾಧಿಕಾರಿಯ ಮುಂದೆ ಹೋಗಿ ನಿಂತೆ. ಆತ ನಂಬಲಿಲ್ಲ. "ಮಗಳಿಗೋಸ್ಕರ ಹೀಗೆಲ್ಲ ಹೇಳ್ಬೇಡಿ ಯಜಮಾನ್ರೇ" ಎಂದ. ಮೈಯೆಲ್ಲ ಉರಿದುಹೋಯಿತು. ಇಡೀ ಆಸ್ಪತ್ರೆಯಲ್ಲಿ ಎಲ್ಲರೂ ಯಾರನ್ನೋ ಉಳಿಸಲು ಸುಳ್ಳು ಹೇಳುವವರೇ ಎಂದು ತಿಳಿದಿದ್ದಾನೆ. ಅವನನ್ನು ಸರ್ವರ್ ರೂಮಿಗೆ ಕರೆದೊಯ್ದು, ಕುರ್ಚಿ ಹಾಕಿ ಕೂರಿಸಿ, ಟೇಪು ಹಾಕಿ ಒಂದೊಂದೇ ಸಾಲು ತೋರಿಸಿದೆ. ಶುಕ್ರವಾರ, ನನ್ನ ಗುರುತು. ಬುಧವಾರ, ನನ್ನ ಗುರುತು. ಭಾನುವಾರ, ನನ್ನ ಗುರುತು. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಆತ ಕೇಳಿದ್ದು ಒಂದೇ, "ಒಂದು ಫೋನ್ ಮಾಡಿ ಅವರನ್ನ ಕೇಳ್ಬಹುದಿತ್ತಲ್ಲ?" ಎಂದು. ನಾನು ಎದ್ದು ಅವನನ್ನು ಸ್ಕ್ಯಾನ್ ವಿಭಾಗದ ಬಾಗಿಲಿಗೆ ಕರೆದೊಯ್ದೆ. ನೋಟಿಸನ್ನು ಅವನ ಎದುರೇ ನಾನೇ ಕಿತ್ತೆ, ಆತ ತಡೆಯಲಿಲ್ಲ. ಉದ್ದ ಜಡೆಯವಳ ಹತ್ತಿರ ಹೋಗಿ ತಪ್ಪಾಯಿತು ಎಂದೆ, ಅವಳು ಗಾಬರಿಯಾಗಿ ನನಗೆ ಕೂರಲು ಸ್ಟೂಲು ಕೊಟ್ಟಳು. ಆ ತಾಯಿಯ ವಿಳಾಸ ಕೇಳಿದೆ, ಆಸ್ಪತ್ರೆಯ ನಿಯಮದ ಪ್ರಕಾರ ಕೊಡುವ ಹಾಗಿಲ್ಲವಂತೆ. ಮಗು ಮತ್ತೆ ಬಂದು ಸ್ಕ್ಯಾನ್ ಮಾಡಿಸಿಕೊಂಡು ಹೋಯಿತು, ಚಿತ್ರ ಭದ್ರವಾಗಿದೆ ಎಂದಷ್ಟು ತಿಳಿಯಿತು.

ಈಗ ನಿನ್ನ ಕೆಲಸ. ಈ ಕಾಗದ ಮುಟ್ಟಿದ ಕೂಡಲೇ ಚೀಲ ಕಟ್ಟು. ಸೋಮವಾರ ಹತ್ತು ಗಂಟೆಗೆ ಮೊದಲು ಬಂದು ನಿನ್ನ ಪತ್ರವನ್ನು ವಾಪಸು ತೆಗೆದುಕೋ. ಆಡಳಿತಾಧಿಕಾರಿ ಕೊಡಲು ಒಪ್ಪಿದ್ದಾನೆ. ತೊಂಬತ್ತಾರು ಡಿಸ್ಕಿಗೆ ಲೆಕ್ಕ ಹೊಸದಾಗಿ ಹಾಕು, ಹೊಸ ಹಾಳೆ ಅಂಟಿಸು, ಕೆಂಪು ಸಾಲುಗಳನ್ನು ಇನ್ನೂ ದಪ್ಪಗೆ ಬರೆ. ಹಟ ಮಾಡಿದರೆ ನಾನೇ ಬಂದು ಕಿವಿ ಹಿಡಿದು ಎಳೆದುಕೊಂಡು ಬರುತ್ತೇನೆ, ಇಪ್ಪತ್ತೊಂಬತ್ತು ವರ್ಷದವಳು ಎಂದು ನೋಡುವುದಿಲ್ಲ. ಅಮ್ಮ ಒಳಗಿನಿಂದ "ಸ್ವೆಟರ್ ಮರೆತು ಬರ್ಬೇಡ ಅಂತ ಬರೀರಿ" ಎಂದಳು. ಮೂರು ದಿನದ ನಂತರ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಇದು. ಬರೆದಿದ್ದೇನೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಸ್ನಾನದ ಸುಳ್ಳಿಗೆ ಕ್ಷಮಿಸಿದ್ದೇನೆಂದೂ ಹೇಳು. ನಿನಗೆ ಒಳ್ಳೆಯದಾಗಲಿ, ನಿನ್ನ ಕೈ ಮುಟ್ಟಿದ ಕೆಲಸ ನಿನ್ನ ಹೆಸರಿನಲ್ಲೇ ಬಾಳಲಿ.

ಇನ್ನೂ ಕೋಪ ಇಳಿಯದ,
ನಿನ್ನ ಅಪ್ಪ

ಮತ್ತೆ ಬರೆದದ್ದು: ಅಂಚೆ ಡಬ್ಬಿಯ ಹತ್ತಿರ ನಿಂತು ಲಕೋಟೆಯ ಮೇಲೆಯೇ ಇಟ್ಟು ಬರೆಯುತ್ತಿದ್ದೇನೆ. ಹೇಳಲೇಬೇಕಾದ್ದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯುವ ಆದೇಶ ಸಿದ್ಧವಾಗಿದೆ. ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಮಗಳ ಕೈಯಲ್ಲಿ ಯಾಕೆ, ನಾನೇ ಹಾಕುತ್ತೇನೆ ಎಂದು ಆಡಳಿತಾಧಿಕಾರಿ ಹೇಳಿದ. ನಾನು ಬೇಡವೆಂದೆ. ಅವನು ಹಾಕಿದರೆ ಊರು ನಿನ್ನನ್ನು ಅಪ್ಪನ ಮಗಳು ಎನ್ನುತ್ತದೆ, ನೀನು ಹಾಕಿದರೆ ಮುಖ್ಯಸ್ಥೆ ಎನ್ನುತ್ತದೆ. ಕಾರಣ ಬರೆಯುವ ಜಾಗವನ್ನು ಖಾಲಿ ಬಿಡಿಸಿದ್ದೇನೆ. ‘ನನ್ನನ್ನು ಕೇಳಲಿಲ್ಲ’ ಎಂದು ನಿನ್ನ ಕೈಯಿಂದಲೇ ಬರೆ. ನಾನು ಎದುರಿಗೇ ನಿಂತಿರುತ್ತೇನೆ. ಅಳುವುದಿದ್ದರೆ ಶಾಯಿ ಒಣಗಿದ ಮೇಲೆ ಅಳು.